ನಾಯಿಮರಿಯ ಬೆನ್ನಲ್ಲಿ ‘ದಾರ’ ಸಿಕ್ಕರೆ ಏನು ಮಾಡಬೇಕು?

ರೊಡೇಶಿಯನ್ ರಿಡ್ಜ್‌ಬ್ಯಾಕ್ ನಾಯಿಯ ಬೆನ್ನ ಮೇಲೆ ತಿರುವುಮುರುವಾಗಿ ಬೆಳೆದ ಕೂದಲಿನ ಪಟ್ಟಿಯೊಂದು ಇರುತ್ತದೆ. ಆಫ್ರಿಕಾದ ದಕ್ಷಿಣ ಭಾಗದ ಈ ತಳಿಯ ಹೆಮ್ಮೆಯೇ ಅದು. ಪಟ್ಟಿಗೆ ಕಾರಣವಾದ ವಂಶವಾಹಿ ವ್ಯತ್ಯಾಸವನ್ನು ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದರು. ಡರ್ಮಾಯ್ಡ್ ಸೈನಸ್ ಎಂಬ ಹುಟ್ಟುದೋಷಕ್ಕೆ ದಾರಿ ಮಾಡಿಕೊಡುವುದೂ ಅದೇ ವ್ಯತ್ಯಾಸ. ಭ್ರೂಣ ಬೆಳೆಯುವಾಗ ಚರ್ಮವೂ ನರಕೊಳವೆಯೂ (ಮುಂದೆ ಮಿದುಳು, ಬೆನ್ನುಹುರಿ ಆಗುವ ಭಾಗ) ಪೂರ್ತಿ ಬೇರ್ಪಡದೆ, ನಡುವೆ ಸಣ್ಣದೊಂದು ಕೊಳವೆ ಉಳಿದುಬಿಡುತ್ತದೆ. ಅದರೊಳಗೆ ಕೂದಲು, ಜಿಡ್ಡು, ಸತ್ತ ಚರ್ಮ ತುಂಬಿಕೊಳ್ಳುತ್ತವೆ.

ಹುಡುಕಲು ಬೆರಳುಗಳೇ ಸಾಕು. ಮರಿಯ ಕತ್ತಿನ ಹಿಂಭಾಗದಿಂದ ಬಾಲದ ಬುಡದವರೆಗೆ ನಡುಗೆರೆಯ ಚರ್ಮವನ್ನು ಹೆಬ್ಬೆರಳು, ತೋರುಬೆರಳುಗಳಲ್ಲಿ ಎತ್ತಿ ಮೆಲ್ಲನೆ ಹೊರಳಿಸಿ. ಚರ್ಮ ಸಲೀಸಾಗಿ ಮೇಲೇಳಬೇಕು. ಎಲ್ಲಾದರೂ ದಪ್ಪ ದಾರವೊಂದು ಒಳಗಿನಿಂದ ಜಗ್ಗಿದಂತಾದರೆ ಅನುಮಾನಿಸಿ. ಅಲ್ಲಿ ಸೂಜಿಮೊನೆಯಷ್ಟು ರಂಧ್ರ, ಅದರಿಂದ ಇಣುಕುವ ಕೂದಲಿನ ಎಳೆ ಕಾಣಬಹುದು. ಪಟ್ಟಿಯ ಮೇಲಲ್ಲ, ಅದರ ಮುಂದಿನ ಕತ್ತಿನಲ್ಲಿ ಅಥವಾ ಹಿಂದೆ ಬಾಲದತ್ತ ಹೆಚ್ಚು ಗಮನ ಕೊಡಿ. ಒಮ್ಮೆ ನೋಡಿ ಬಿಡಬೇಡಿ, ಕೆಲವು ವಾರ ಮತ್ತೆ ಮತ್ತೆ ನೋಡಿ.

ಸಿಕ್ಕಿತೆಂದು ಹಿಂಡಲೂಬೇಡಿ, ಕಡ್ಡಿ ಹಾಕಲೂಬೇಡಿ. ಕೆಲವು ಕೊಳವೆಗಳು ಬೆನ್ನುಹುರಿಯ ಹೊದಿಕೆಯವರೆಗೂ ಇಳಿದಿರುತ್ತವೆ. ಸೋಂಕು ಅಲ್ಲಿಗೆ ತಲುಪಿದರೆ ಮರಿಯ ಪ್ರಾಣಕ್ಕೇ ಕುತ್ತು.

ಕೊಳವೆಯ ಆಳ ಹೊರಗಿನಿಂದ ತಿಳಿಯುವುದಿಲ್ಲ. ಅದಕ್ಕೇ ಶಸ್ತ್ರಚಿಕಿತ್ಸೆಗೆ ಮುನ್ನ ಸಿ.ಟಿ. ಅಥವಾ ಎಂ.ಆರ್.ಐ. ಮಾಡಿಸುವುದು ಒಳ್ಳೆಯದು. ಅರಿವಳಿಕೆ ಕೊಟ್ಟ ಮೇಲೆ ವೈದ್ಯರು ರಂಧ್ರವನ್ನು ಸುತ್ತುವರಿದು ಚರ್ಮ ಕೊಯ್ದು, ಕೊಳವೆಯನ್ನು ಹರಿಯದಂತೆ ಬಿಡಿಸುತ್ತಾ ಸ್ನಾಯುಗಳ ನಡುವೆ ಬುಡದವರೆಗೆ ಇಳಿಯುತ್ತಾರೆ. ತೀರಾ ಆಳಕ್ಕೆ ಹೋಗಿದ್ದರೆ ಬೆನ್ನುಮೂಳೆಯ ಕಮಾನಿನ ಸ್ವಲ್ಪ ಭಾಗವನ್ನೂ ತೆಗೆಯಬೇಕಾಗುತ್ತದೆ. ಒಂದು ಚೂರು ಉಳಿದರೂ ಮತ್ತೆ ಕೀವು ಕಟ್ಟಬಹುದು. ಈ ಕೆಲಸವನ್ನು ಅನುಭವಿ ಶಸ್ತ್ರವೈದ್ಯರಿಗೇ ಒಪ್ಪಿಸಿ ಎನ್ನುವುದು ಇದಕ್ಕೇ.

ಮನೆಗೆ ಬಂದ ಮೇಲೆ ಹೊಲಿಗೆ ಬಿಚ್ಚುವವರೆಗೆ, ಸಾಮಾನ್ಯವಾಗಿ 10ರಿಂದ 14 ದಿನ, ಓಟ, ಜಿಗಿತ ಬೇಡ. ಗಾಯ ಕತ್ತಿನಲ್ಲಿದ್ದರೆ ಕೊರಳಪಟ್ಟಿಯೂ ಬೇಡ. ಹೊಲಿಗೆಯ ಕೆಳಗೆ ನೀರು ತುಂಬಿದಂತೆ ಊದಿದರೆ ನೀವೇ ಚುಚ್ಚದೆ ವೈದ್ಯರಿಗೆ ತೋರಿಸಿ.

ದೋಷವಿದ್ದ ನಾಯಿ ಗುಣವಾದರೂ ಅದರಿಂದ ಮರಿ ಮಾಡಿಸಬಾರದು. ವಿಚಿತ್ರವೆಂದರೆ, ಪಟ್ಟಿಯಿಲ್ಲದೆ ಹುಟ್ಟಿದ ಮರಿಗಳಲ್ಲಿ ಈ ದೋಷ ತೀರಾ ಅಪರೂಪ. ಒಂದು ಕಾಲದಲ್ಲಿ ತಳಿಗಾರರು ಸಾಯಿಸುತ್ತಿದ್ದದ್ದು ಅವನ್ನೇ.