ರೋಬೋ ಸಾಕರ್ ಪಂದ್ಯದಲ್ಲಿ ಗಡಿಯಾರ ನಿಲ್ಲಬೇಕೇ? ನಮ್ಮ ಮೂರು ಸಂಜೆಗಳ ಚರ್ಚೆ

ಕಳೆದ ಮಳೆಗಾಲದಲ್ಲಿ ಗೋಣಿಕೊಪ್ಪಲಿನ ಸಭಾಂಗಣವೊಂದರಲ್ಲಿ ಆರು ಶಾಲಾ ತಂಡಗಳ ರೋಬೋ ಸಾಕರ್ (ಮಕ್ಕಳು ಕಟ್ಟಿದ, ತಾವಾಗಿಯೇ ಚಲಿಸುವ ರೋಬೋಟ್‌ಗಳು ಆಡುವ ಫುಟ್‌ಬಾಲ್) ಪಂದ್ಯಾಟ ನಡೆಸಲೆಂದು ನಾವು ನಾಲ್ವರು ಶಿಕ್ಷಕರು ಕಲೆತಾಗ, ಅಂಕಣದ ಅಳತೆ, ಚೆಂಡು, ರೋಬೋಟ್‌ಗಳ ತೂಕ ಎಲ್ಲವೂ ಅರ್ಧ ಗಂಟೆಯಲ್ಲಿ ತೀರ್ಮಾನವಾದವು. ರೋಬೋಟ್ ಕೆಟ್ಟಾಗ ಗಡಿಯಾರ ನಿಲ್ಲಿಸಬೇಕೇ ಎಂಬ ವಿಷಯಕ್ಕೆ ಮಾತ್ರ ಮೂರು ಸಂಜೆಗಳು ಬೇಕಾದವು.

ನಾವು ಆಧಾರವಾಗಿಟ್ಟುಕೊಂಡದ್ದು ರೋಬೋಕಪ್ ಎಂಬ ಅಂತರರಾಷ್ಟ್ರೀಯ ರೋಬೋಟ್ ಸ್ಪರ್ಧೆಯ ಶಾಲಾ ಮಕ್ಕಳ ವಿಭಾಗವಾದ ರೋಬೋಕಪ್ ಜೂನಿಯರ್‌ನ ನಿಯಮಾವಳಿಯನ್ನು. ಅದರಂತೆ ಪ್ರತಿ ತಂಡಕ್ಕೆ ಎರಡು ರೋಬೋಟ್‌ಗಳು, ತಲಾ 10 ನಿಮಿಷಗಳ ಎರಡು ಅವಧಿಗಳು, ನಡುವೆ 5 ನಿಮಿಷಗಳ ವಿರಾಮ. ಅವಧಿ ಆರಂಭವಾದ ಮೇಲೆ ಗಡಿಯಾರ ನಿಲ್ಲುವುದಿಲ್ಲ; ಕೆಟ್ಟ ರೋಬೋಟನ್ನು ಹೊರತೆಗೆದರೆ ಅದು ಕನಿಷ್ಠ 1 ನಿಮಿಷ, ಇಲ್ಲವೇ ಮುಂದಿನ ಕಿಕ್‌ಆಫ್‌ವರೆಗೆ ಹೊರಗಿರಬೇಕು.

ಇದು ಮಕ್ಕಳಿಗೆ ಅನ್ಯಾಯವೆಂದು ನಾನು ಬಲವಾಗಿ ವಾದಿಸಿದೆ. ತಿಂಗಳುಗಟ್ಟಲೆ ಬೆಸುಗೆ ಹಾಕಿ ಕಟ್ಟಿದ ಯಂತ್ರವನ್ನು ಮೋಟಾರಿನ ಒಂದು ತಂತಿ ಕಳಚಿದ ಕಾರಣಕ್ಕೆ ಪಕ್ಕಕ್ಕಿಟ್ಟು, ಗಡಿಯಾರ ಓಡುವುದನ್ನು ನೋಡುತ್ತ ನಿಲ್ಲುವ ಹುಡುಗಿಯ ಮುಖ ನನ್ನ ಕಣ್ಣ ಮುಂದಿತ್ತು. ಕೊಡಗಿನಲ್ಲಿ ಆಟದ ನಿಯಮದ ಮಾತು ಬಂದರೆ ಹಾಕಿಯ ಉದಾಹರಣೆ ಬರದೆ ಇರುವುದಿಲ್ಲ. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಅಂತರರಾಷ್ಟ್ರೀಯ ಹಾಕಿಯಲ್ಲಿ 40 ಸೆಕೆಂಡು ಸಮಯ ನಿಲ್ಲಿಸುತ್ತಾರಲ್ಲ, ನಮ್ಮ ಮಕ್ಕಳಿಗೆ ಅಷ್ಟಾದರೂ ಬೇಡವೇ ಎಂದು ಕೇಳಿದೆ. ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವದಲ್ಲಿ ಅಂಪೈರಿಂಗ್ ಮಾಡಿ ಅನುಭವವಿದ್ದ ನಮ್ಮ ಸಹೋದ್ಯೋಗಿ ಅದೇ ಉದಾಹರಣೆಯನ್ನು ನನಗೆ ತಿರುಗಿಸಿದರು. (ಆ ಉತ್ಸವ ಕೊಡಗಿನ ಕರಡ ಗ್ರಾಮದಲ್ಲಿ ಆರಂಭವಾದ 1997ರಲ್ಲಿಯೇ ಮೊದಲ ರೋಬೋಕಪ್ ಜಪಾನಿನ ನಗೋಯಾದಲ್ಲಿ ನಡೆಯಿತೆಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.) ಹಾಕಿಯ 40 ಸೆಕೆಂಡು ಮುಖಕವಚ, ಕೈಗವಸು ತೊಡಲು ಕೊಟ್ಟ, ಮೊದಲೇ ಅಳೆದ ಸಮಯ, ಕಳಚಿದ ತಂತಿಯನ್ನು ಹುಡುಕಿ ಬೆಸೆಯಲು ಎಷ್ಟು ಹೊತ್ತು ಬೇಕೆಂದು ಬೆಸೆಯುವವರಿಗೂ ಗೊತ್ತಿರುವುದಿಲ್ಲ ಎಂಬುದು ಅವರ ವಾದವಾಗಿತ್ತು.

ಮಾತಿನಿಂದ ಬಗೆಹರಿಯದ್ದನ್ನು ಆಡಿಸಿ ನೋಡೋಣವೆಂದು ಎರಡು ಅಭ್ಯಾಸ ಪಂದ್ಯಗಳನ್ನು ಇಟ್ಟೆವು. ಪ್ರತಿ ದುರಸ್ತಿಗೂ ಗಡಿಯಾರ ನಿಲ್ಲಿಸಿದ ಪಂದ್ಯ ಮುಗಿಯಲು ಮುಕ್ಕಾಲು ಗಂಟೆ ಮೀರಿತು. ಅಂಕಣ ಒಂದೇ ಇದ್ದುದರಿಂದ ಉಳಿದ ನಾಲ್ಕು ತಂಡಗಳು ಕಾಯಬೇಕಾಯಿತು. ಅದಕ್ಕಿಂತ ಮುಖ್ಯವಾಗಿ, ತಂತಿಗಳನ್ನು ಕಟ್ಟಿ, ತಿರುಪುಗಳನ್ನು ಬಿಗಿಮಾಡಿ ಗಟ್ಟಿಯಾದ ಯಂತ್ರ ತಂದಿದ್ದ ತಂಡಕ್ಕೆ ಆ ಶ್ರಮದ ಲಾಭವೇ ಸಿಗಲಿಲ್ಲ. ಎದುರಾಳಿಗಳು ಎಷ್ಟು ಸಲ ಕೆಟ್ಟರೂ ಏನನ್ನೂ ಕಳೆದುಕೊಳ್ಳಲಿಲ್ಲ. ನನ್ನ ನಿಲುವು ಅಲ್ಲಿಯೇ ಸಡಿಲವಾಯಿತು.

ಗಡಿಯಾರ ನಿಲ್ಲಿಸದ ಎರಡನೆಯ ಪಂದ್ಯದಲ್ಲಿ ಒಬ್ಬ ವಿದ್ಯಾರ್ಥಿಯ ಕೈಗೆ ಇನ್ನೊಂದು ಸ್ಟಾಪ್‌ವಾಚ್ ಕೊಟ್ಟು, ಚೆಂಡು ನಿಜವಾಗಿ ಚಲಿಸುತ್ತಿರುವಷ್ಟು ಹೊತ್ತು ಮಾತ್ರ ಅಳೆಯಲು ಹೇಳಿದೆ. 20 ನಿಮಿಷಗಳಲ್ಲಿ ಅರ್ಧದಷ್ಟೂ ಆಟವಿರಲಿಲ್ಲ. ಉಳಿದ ಸಮಯವನ್ನು ದುರಸ್ತಿಯೇ ತಿಂದಿರಬೇಕೆಂದು ನಾನು ಎಣಿಸಿದ್ದೆ. ಹೆಚ್ಚಿನ ಪಾಲು ಹೋದದ್ದು ಮೂಲೆಯಲ್ಲಿ ಎರಡು ರೋಬೋಟ್‌ಗಳು ಚೆಂಡನ್ನು ನಡುವೆ ಸಿಕ್ಕಿಸಿಕೊಂಡು ತಳ್ಳಾಡುತ್ತ ನಿಂತಾಗ. ಅಂಥ ಹೊತ್ತಿನಲ್ಲಿ ‘ಲ್ಯಾಕ್ ಆಫ್ ಪ್ರೋಗ್ರೆಸ್’ (ಆಟ ಮುಂದೆ ಸಾಗುತ್ತಿಲ್ಲ) ಎಂದು ಸಾರಿ, ಚೆಂಡನ್ನು ಅಂಕಣದಲ್ಲಿ ಮೊದಲೇ ಗುರುತಿಸಿದ ತಟಸ್ಥ ಬಿಂದುಗಳಲ್ಲಿ ಹತ್ತಿರದ ಖಾಲಿ ಬಿಂದುವಿಗೆ ಇಡಲು ತೀರ್ಪುಗಾರನಿಗೆ ಅಧಿಕಾರವಿದೆ. ತೀರ್ಪುಗಾರನಾಗಿದ್ದ ನಾನು, ಯಾವುದಾದರೂ ಒಂದು ಗೆದ್ದೀತೆಂದು ಕಾಯುತ್ತ ನಿಂತಿದ್ದೆ. ತಪ್ಪು ಗಡಿಯಾರದ್ದಲ್ಲ, ನನ್ನ ಎಣಿಕೆಯದು.

ಆದ್ದರಿಂದ ಚೆಂಡು ಸಿಕ್ಕಿಕೊಂಡ ಕೂಡಲೇ ತೀರ್ಪುಗಾರ ಎಲ್ಲರಿಗೂ ಕೇಳುವಂತೆ ‘ಒಂದು, ಎರಡು, ಮೂರು’ ಎಂದು ಎಣಿಸಿ ಚೆಂಡನ್ನು ಎತ್ತಿಡಬೇಕೆಂದು ತೀರ್ಮಾನಿಸಿದೆವು. ಹೊರಗಿರುವ ರೋಬೋಟಿನ 1 ನಿಮಿಷವನ್ನು ಅಳೆಯಲು ಪ್ರತಿ ತಂಡಕ್ಕೂ ಪ್ರತ್ಯೇಕ ಸ್ಟಾಪ್‌ವಾಚ್ ಇಟ್ಟು, ಅದು ವಿದ್ಯಾರ್ಥಿ ಯಂತ್ರವನ್ನು ಎತ್ತಿದ ಕ್ಷಣದಿಂದಲ್ಲ, ತೀರ್ಪುಗಾರ ಘೋಷಿಸಿದ ಕ್ಷಣದಿಂದ ಓಡಬೇಕೆಂದು ಬರೆದೆವು. ಯಾವ ತಂಡದ ತಪ್ಪೂ ಅಲ್ಲದ ಎರಡು ಸಂದರ್ಭಗಳಲ್ಲಿ ಮಾತ್ರ ಗಡಿಯಾರ ನಿಲ್ಲಿಸಲು ಒಪ್ಪಿದೆವು. ಒಂದು, ಚೆಂಡಿನೊಳಗಿನ ಬ್ಯಾಟರಿ ಸೋತು ಅದು ಇನ್‌ಫ್ರಾರೆಡ್ ಬೆಳಕು ಸೂಸದಿದ್ದಾಗ, ಏಕೆಂದರೆ ಆಗ ಯಾವ ರೋಬೋಟಿಗೂ ಚೆಂಡು ‘ಕಾಣುವುದಿಲ್ಲ’. ಇನ್ನೊಂದು, ನಮ್ಮಲ್ಲಿ ಮಳೆಗಾಲದ ನಿತ್ಯದ ಸಂಗತಿಯಾದ ಕರೆಂಟು ಹೋದಾಗ. ಹಳದಿ, ನೀಲಿ ಗೋಲುಗಳನ್ನು ಕ್ಯಾಮೆರಾದಿಂದ ಗುರುತಿಸುವ ಯಂತ್ರಗಳು ಕತ್ತಲಲ್ಲಿ ದಿಕ್ಕು ತಪ್ಪುತ್ತವೆ.

ತಡವಾಗಿ ಬಂದವರ ವಿಷಯ ಇನ್ನೂ ಬಗೆಹರಿದಿಲ್ಲ. ನಿಯಮದ ಪ್ರಕಾರ ತಡವಾದಷ್ಟೂ ಎದುರಾಳಿಗೆ ಗೋಲು ಸೇರುತ್ತ ಹೋಗುತ್ತದೆ, 5 ನಿಮಿಷದೊಳಗೆ ಬಾರದಿದ್ದರೆ ಪಂದ್ಯವೇ ಅವರ ಕೈತಪ್ಪುತ್ತದೆ. ನಾಪೋಕ್ಲು ಕಡೆಯಿಂದ ಹೊರಟ ತಂಡ ರಸ್ತೆಯ ಮೇಲೆ ನೀರು ಬಂದು ಸಿಕ್ಕಿಕೊಂಡಾಗ ನಾನು ಅವರ ಸರದಿಯನ್ನು ಮುಂದೂಡಿದೆ. ಅಂಪೈರಿಂಗ್ ಬಲ್ಲ ಸಹೋದ್ಯೋಗಿ ಅದನ್ನು ಇಂದಿಗೂ ಒಪ್ಪಿಲ್ಲ. ಈ ವರ್ಷ ಪಂದ್ಯಾಟವನ್ನು ಮಳೆ ಬಿಟ್ಟ ಮೇಲೆ, ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಮುಂಚೆ ಇಟ್ಟುಕೊಂಡಿದ್ದೇವೆ.