ನಮ್ಮೂರ ಸಂಕಕ್ಕೊಂದು ಅವಳಿ

ನಮ್ಮೂರ ಕಾಲುಸಂಕದ, ಅಂದರೆ ನಡೆದು ದಾಟುವ ಸಣ್ಣ ಸೇತುವೆಯ, ನಡುವೆ ನಿಂತು ಒಮ್ಮೆ ಕುಪ್ಪಳಿಸಿದರೆ ಅದು ಸೆಕೆಂಡಿಗೆ 4.4 ಸಲ ನಡುಗುತ್ತದೆ. ಈ ಸಂಖ್ಯೆ ನನಗೆ ನನ್ನ ಬಿಪಿಗಿಂತ ಚೆನ್ನಾಗಿ ನೆನಪಿದೆ.

ಸಂಕ ಇರುವುದು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ನದಿಯ ಉಪ್ಪುನೀರು ಗಜನಿ ಅನ್ನುವ ತಗ್ಗು ಗದ್ದೆಗಳಿಗೆ ನುಗ್ಗುವ ಒಂದು ಹಳ್ಳದ ಮೇಲೆ. 14 ಮೀಟರ್ ಉದ್ದ. ಎರಡು ಉಕ್ಕಿನ ಐ-ಬೀಮ್ (ಇಂಗ್ಲಿಷಿನ I ಆಕಾರದ ತೊಲೆ), ಅಡ್ಡಕ್ಕೆ 70 ಮರದ ಹಲಗೆ, ಎರಡೂ ಬದಿಗೆ ಪೈಪಿನ ಕೈಹಿಡಿ. ಬಳಚು ಅನ್ನುವ ಚಿಪ್ಪುಜೀವಿ ಆಯುವ ಹೆಂಗಸರು, ಶಾಲೆ ಮಕ್ಕಳು, ಕಗ್ಗ ಭತ್ತದ ಮೂಟೆ ಎಲ್ಲ ದಾಟುವುದು ಇದರ ಮೇಲೆಯೇ.

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಒಂದು ಲಾರಿ ನೀರಿಗೆ ಹೋಯಿತು, ಪುಣ್ಯಕ್ಕೆ ಚಾಲಕ ಬದುಕಿದ. ಬೆಳಿಗ್ಗೆ ಅಂಗಡಿ ಕಟ್ಟೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. "ನೀವು ಸೇತುವೆ ಇಂಜಿನಿಯರ್ ಅಲ್ವಾ, ನಮ್ಮ ಸಂಕ ಹೇಗಿದೆ?" ಹೋಗಿ ಬೀಮಿಗೆ ಒಂದು ಒದ್ದು "ಗಟ್ಟಿ ಇದೆ" ಅಂದೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ನಾಚಿಕೆಯಾಯಿತು.

ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಡಿಜಿಟಲ್ ಟ್ವಿನ್, ಅಂದರೆ ಕಂಪ್ಯೂಟರಿನೊಳಗಿನ ಅವಳಿ, ಅನ್ನುವ ಹೆಸರಿನಲ್ಲಿ ಬಣ್ಣಬಣ್ಣದ 3ಡಿ ಚಿತ್ರ ಮಾಡಿ ಕೊಟ್ಟಿದ್ದೆ. ತಿರುಗಿಸಿ ನೋಡಲು ಚೆಂದ, ಅಷ್ಟೇ. ಅವಳಿ ಅನ್ನಬೇಕಾದರೆ ಕಂಪ್ಯೂಟರಿನ ಲೆಕ್ಕದ ಸಂಕಕ್ಕೆ ನಿಜವಾದ ಸಂಕದಿಂದ ದಿನಾ ಅಳತೆ ಬರುತ್ತಿರಬೇಕು. ಆ ಅಳತೆ ನೋಡಿ ಲೆಕ್ಕವೂ ತನ್ನನ್ನು ತಿದ್ದಿಕೊಳ್ಳುತ್ತಿರಬೇಕು. ಇದನ್ನು ಸಣ್ಣದರಲ್ಲೇ ಮಾಡಿ ನೋಡೋಣ ಅನ್ನಿಸಿತು.

ಮೊದಲ ದಿನ ಹಲಗೆ ಮೇಲೆ ಮೊಬೈಲ್ ಇಟ್ಟು ಫೈಫಾಕ್ಸ್ ಆ್ಯಪ್‌ನಲ್ಲಿ ನಡುಕ ಅಳೆದೆ. ಆಮೇಲೆ ನಡುಕ ಅಳೆಯುವ ಎಡಿಎಕ್ಸ್‌ಎಲ್ 355 ಅನ್ನುವ ಮೂರು ಸೆನ್ಸರ್ ತರಿಸಿದೆ. ಒಂದು ನಡುವೆ, ಉಳಿದೆರಡು ಎರಡೂ ಕಡೆಯ ಕಾಲುಭಾಗದಲ್ಲಿ. ಅವುಗಳ ಅಂಕಿ ಓದಲು ಇಎಸ್‌ಪಿ 32 ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್, ಕರೆಂಟಿಗೆ ಸಣ್ಣ ಸೋಲಾರ್ ಪ್ಯಾನೆಲ್. ಮೊದಲ ಡಬ್ಬಿಯಲ್ಲಿ ಇರುವೆ ಗೂಡು ಕಟ್ಟಿತು. ಎರಡನೆಯದರಲ್ಲಿ ಉಪ್ಪು ಗಾಳಿಗೆ ತಾಮ್ರವೆಲ್ಲ ಹಸಿರಾಯಿತು. ಇನ್ನೊಂದು ಸೆನ್ಸರ್ ಎರಡು ವಾರ ವಿಚಿತ್ರ ಅಂಕಿ ಕೊಟ್ಟಿತು. ನೋಡಿದರೆ ಕ್ಲಾಂಪ್ ಸಡಿಲ, ಅದು ಅಳೆಯುತ್ತಿದ್ದುದು ತನ್ನದೇ ನಡುಕವನ್ನು.

ಯಾವಾಗ ಅಳೆಯಬೇಕು ಅನ್ನುವುದೂ ತಲೆನೋವು. ಜನ ಮೇಲಿದ್ದರೆ ಅವರ ತೂಕವೂ ಸೇರಿ ಅಂಕಿ ಕೆಡುತ್ತದೆ. ಯಾರೂ ಇಲ್ಲದಿದ್ದರೆ ಸಂಕ ನಡುಗುವುದೇ ಇಲ್ಲ. ಕೊನೆಗೆ ಉಪಾಯ ಸಿಕ್ಕಿತು. ಬೆಳಿಗ್ಗೆ ಮಕ್ಕಳು ಓಡಿ ದಾಟುತ್ತಾರಲ್ಲ, ಕೊನೆಯ ಮಗು ದಡಕ್ಕೆ ಹಾರಿದ ಮೇಲೆ ಸಂಕ ಕೆಲವು ಸೆಕೆಂಡ್ ತನ್ನಷ್ಟಕ್ಕೆ ನಡುಗಿ ಸುಮ್ಮನಾಗುತ್ತದೆ. ಆ ಬಾಲವನ್ನಷ್ಟೇ ಕತ್ತರಿಸಿ ತೆಗೆದುಕೊಂಡೆ, ವಾರಕ್ಕೊಮ್ಮೆ ಸರಾಸರಿ ಮಾಡಿದೆ.

ಲೆಕ್ಕದ ಸಂಕವನ್ನು ಓಪನ್‌ಸೀಸ್ ಅನ್ನುವ ಇಂಜಿನಿಯರಿಂಗ್ ಸಾಫ್ಟ್‌ವೇರ್‌ನಲ್ಲಿ ಕಟ್ಟಿದೆ, ಅದು ಪುಕ್ಕಟೆ ಸಿಗುತ್ತದೆ. ಅದು ಹೇಳಿದ್ದು 3.9, ಸಂಕ ಹೇಳಿದ್ದು 4.4. ಚಂಡೆಯ ಹಗ್ಗ ಬಿಗಿದರೆ ಶ್ರುತಿ ಏರುವ ಹಾಗೆ, ಸಂಕ ಬಿಗಿಯಾದಷ್ಟೂ ನಡುಕ ಚುರುಕು, ತೂಕ ಏರಿದಷ್ಟೂ ನಿಧಾನ. ಹಾಗಾದರೆ ನಿಜವಾದ ಸಂಕ ನನ್ನ ಲೆಕ್ಕಕ್ಕಿಂತ ಕಾಲುಭಾಗದಷ್ಟು ಜಾಸ್ತಿ ಬಿಗಿ. ಯಾಕೆ? ನಾನು ಪುಸ್ತಕದಲ್ಲಿದ್ದ ಹಾಗೆ ಎರಡೂ ತುದಿ ಸಲೀಸಾಗಿ ತಿರುಗುತ್ತವೆ ಅಂದುಕೊಂಡಿದ್ದೆ. ಇಲ್ಲಿ ಪ್ಲೇಟು, ಪ್ಲೇಟಿಗೆ ನಾಲ್ಕು ನಾಲ್ಕು ಬೋಲ್ಟು ಹಾಕಿ ತುದಿಗಳನ್ನು ಕಲ್ಲುಕಟ್ಟೆಗೆ ಬಿಗಿದಿದ್ದಾರೆ. ಕೈಹಿಡಿಯ ಪೈಪೂ ಸ್ವಲ್ಪ ಭಾರ ಹೊರುತ್ತದೆ. ಅದನ್ನೆಲ್ಲ ಸೇರಿಸಿ ತಿದ್ದಿದ ಮೇಲೆ ಎರಡೂ ಒಂದೇ ಮಾತಾಡಿದವು.

ಜುಲೈನಲ್ಲಿ ಅಂಕಿ 4.2ಕ್ಕೆ ಇಳಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಬೀಮ್ ಸೀಳಿತಾ? ಬೆಳಿಗ್ಗೆ ಟಾರ್ಚ್ ಹಿಡಿದು ಅಡಿಗೆ ಇಳಿದು ನೋಡಿದೆ, ಏನೂ ಇಲ್ಲ. ಮೇಲೆ ಬಂದು ಒದ್ದೆ ಹಲಗೆ ಮೇಲೆ ಕುಳಿತಾಗ ಹೊಳೆಯಿತು. ಒಂದು ಹಲಗೆ ಬಿಚ್ಚಿ ಅಕ್ಕಿ ಗಿರಣಿಯ ತಕ್ಕಡಿಗೆ ಹಾಕಿದೆ. ಬೇಸಿಗೆಯಲ್ಲಿ ಏಳೂವರೆ ಕಿಲೋ ಇದ್ದ ಹಲಗೆ ಈಗ 10.3 ಕಿಲೋ! 70 ಹಲಗೆಗೆ ಹತ್ತಿರ ಹತ್ತಿರ 200 ಕಿಲೋ ನೀರು. ಅಷ್ಟು ತೂಕ ಅವಳಿ ಸಂಕಕ್ಕೆ ಹಾಕಿದ ತಕ್ಷಣ ಅದೂ 4.2 ಅಂದಿತು. ಗಿರಣಿಯವರು ಮಾತ್ರ ಇವತ್ತಿಗೂ ನನ್ನನ್ನು ನೋಡಿದರೆ ನಗುತ್ತಾರೆ.

ಡಿಸೆಂಬರ್‌ನಲ್ಲಿ ಹಲಗೆ ಒಣಗಿತು. ಮತ್ತೆ ತೂಗಿದೆ, ಏಳೂವರೆಯೇ. ಅವಳಿ 4.4 ಅನ್ನುತ್ತಿದೆ, ಸಂಕ 4.25ರಲ್ಲೇ ನಿಂತಿದೆ. ಬಿಸಿಲು ಹೆಚ್ಚುಕಡಿಮೆಯಾದಂತೆ ಅಂಕಿಯೂ ತುಸು ಏರುಪೇರಾಗುತ್ತದೆ, ಆದರೆ ಇಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಈ ಸಲ ನೀರಿನ ಮೇಲೂ ತಪ್ಪು ಹೊರಿಸುವ ಹಾಗಿಲ್ಲ. ಮೂರು ಸೆನ್ಸರ್‌ನ ಅಂಕಿ ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲು ಎರಡೂ ಕಾಲುಭಾಗ ಒಂದೇ ಅಳತೆಗೆ ಅಲುಗುತ್ತಿದ್ದವು. ಈಗ ಪಡುವಣ ಕಡೆಯದು ತುಸು ಜಾಸ್ತಿ. ಅವಳಿಯಲ್ಲಿ ಪಡುವಣ ತುದಿಯ ಹಿಡಿತವನ್ನಷ್ಟೇ ಸಡಿಲ ಮಾಡುತ್ತಾ ಹೋದೆ. ಒಂದು ಹಂತದಲ್ಲಿ 4.25 ಬಂತು, ಅಲುಗಾಟದ ಓರೆಯೂ ಕೂಡಿ ಬಂತು.

ಇಳಿತದ ಹೊತ್ತಿಗೆ ಪಡುವಣ ದಡಕ್ಕೆ ಹೋದೆ. ಪ್ಲೇಟಿನ ಮೇಲೆ ಗೇಣುದ್ದ ಕೆಸರು, ಅದರ ಮೇಲೆ ಸಿಂಪಿ ಮೆತ್ತಿಕೊಂಡಿತ್ತು. ಕತ್ತಿಯಿಂದ ಕೆರೆದೆ. ನಾಲ್ಕು ನಟ್‌ಗಳಲ್ಲಿ ಎರಡು ಕೈಯಲ್ಲೇ ತಿರುಗಿದವು. ಒಂದಂತೂ ಬೆರಳಲ್ಲಿ ಹಪ್ಪಳದ ಹಾಗೆ ಪದರ ಪದರವಾಗಿ ಪುಡಿಯಾಯಿತು. ಭರತಕ್ಕೆ ಮುಳುಗಿ ಇಳಿತಕ್ಕೆ ಒಣಗುವ ಜಾಗ ಅದು. ಉಪ್ಪು, ನೀರು, ಗಾಳಿ ಮೂರೂ ಸಿಗುವುದರಿಂದ ಉಕ್ಕನ್ನು ತುಕ್ಕು ಬೇಗ ತಿನ್ನುವುದು ಇಲ್ಲೇ. ಮೇಲೆ ನಿಂತು ಎಷ್ಟು ಒದ್ದರೂ ಇದು ನನಗೆ ಗೊತ್ತಾಗುತ್ತಿರಲಿಲ್ಲ.

ಹಾಗಂತ ಅವಳಿ ಎಲ್ಲ ಹೇಳುತ್ತದೆ ಅಂತ ಊರಿನವರಿಗೆ ನಾನು ಹೇಳಿಲ್ಲ. ನೀರಿನಡಿ ಕಲ್ಲುಕಟ್ಟೆಯ ಬುಡ ಕೊರೆದು ಹೋಗುತ್ತಿದ್ದರೆ ಈ ಮೂರು ಸೆನ್ಸರ್‌ಗೆ ಅದು ತಿಳಿಯುವ ಭರವಸೆ ನನಗಿಲ್ಲ. ಅದಕ್ಕೆ ಮಳೆಗಾಲ ಮುಗಿದ ಮೇಲೆ ಮುಳುಗಿ ಕೈಯಾಡಿಸಿಯೇ ನೋಡಬೇಕು.

ಸ್ಟೇನ್‌ಲೆಸ್ ಬೋಲ್ಟ್ ತಂದರೆ ಬೇರೆ ಲೋಹದ ಪ್ಲೇಟಿಗೆ ತುಕ್ಕು ಜಾಸ್ತಿಯಾದೀತು ಅಂತ ಹೆದರಿ ಸತು ಲೇಪಿಸಿದ ದಪ್ಪ ಬೋಲ್ಟನ್ನೇ ಹಾಕಿಸಿದೆ, ಮೇಲೆ ಗ್ರೀಸ್ ಮೆತ್ತಿದೆ. ಮುಂದಿನ ವಾರದ ಸರಾಸರಿ 4.38. ಉಳಿದ 0.02 ಬಿಸಿಲಿನ ಏರುಪೇರಿನಲ್ಲೇ ಕಳೆದುಹೋಗುತ್ತದೆ. ಆದರೂ ಬರುವ ಅಮಾವಾಸ್ಯೆಯ ದೊಡ್ಡ ಇಳಿತಕ್ಕೆ ಮೂಡಣ ದಡದ ಕೆಸರನ್ನೂ ಒಮ್ಮೆ ಕೆರೆದು ನೋಡುವವನಿದ್ದೇನೆ.