ದಿನಕ್ಕೊಂದು ಪದ, ಕೈಗೆ ಸಿಕ್ಕಿದ್ದು

ಉಡುಪಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಜಾಗದ ಕಾಗದ ಹಿಡಿದುಕೊಂಡು ಬರುವವರೇ ಜಾಸ್ತಿ. ಆರು ವರ್ಷದ ಹಿಂದೆ ಒಬ್ಬರು ಅಜ್ಜ ಹಳೆಯ ಚೀಟೊಂದನ್ನು ಕೊಟ್ಟು, “ನಿಧಾನ ಮಗಳೇ, ಮಡಿಕೆಯಲ್ಲಿ ಹರಿದುಹೋಗ್ತದೆ” ಅಂದರು. ಅದರಲ್ಲಿ ‘ಚಾಲಗೇಣಿ’ ಎಂಬ ಪದ ಇತ್ತು. ಹಾಗಂದರೇನು ಅಂತ ಕೇಳಿದೆ.

ಅಜ್ಜ ಸ್ಟೂಲಿನ ಮೇಲೆ ಕೂತರು. ಮೂಲಗೇಣಿಯಾದರೆ ಗೇಣಿ ನಿಗದಿ, ಒಕ್ಕಲನ್ನು ಸುಮ್ನೆ ಎಬ್ಬಿಸುವ ಹಾಗಿಲ್ಲ. ಚಾಲಗೇಣಿಯಾದರೆ ವರ್ಷ ವರ್ಷದ ಲೆಕ್ಕ, ಧಣಿ ಬಿಡು ಅಂದರೆ ಬಿಡಬೇಕು. ಗೇಣಿ ಕೊಡುತ್ತಿದ್ದದ್ದು ಅಕ್ಕಿ ಮುಡಿಯಲ್ಲಿ, ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ. 1974ರಲ್ಲಿ ಭೂಸುಧಾರಣೆ ಕಾನೂನಿಗೆ ತಿದ್ದುಪಡಿ ಬಂದ ಮೇಲೆ ಡಿಕ್ಲರೇಷನ್ (ಉಳುವ ಜಾಗ ನಮಗೆ ಬೇಕೆಂಬ ಅರ್ಜಿ) ಹಾಕಿದೆವು, ಉಳುತ್ತಿದ್ದ ಗದ್ದೆ ನಮ್ಮದಾಯಿತು ಅಂದರು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ‘ಉಳುವವನೇ ಹೊಲದೊಡೆಯ’ ನನಗೆ ಅರ್ಥವಾದದ್ದು ಅವತ್ತು. ಅಂದಿನಿಂದ ದಿನಕ್ಕೊಂದು ಪದ ಹಿಡಿಯುತ್ತಾ ಬಂದಿದ್ದೇನೆ. ನೀವೂ ಶುರು ಮಾಡಬಹುದು. ದಿನಕ್ಕೆ ಹದಿನೈದು ನಿಮಿಷ ಸಾಕು.

ಪದವನ್ನು ಹುಡುಕಿಕೊಂಡು ಹೋಗಬೇಡಿ. ಅವತ್ತು ಕೈಗೆ ಸಿಕ್ಕಿದ್ದನ್ನೇ ಹಿಡಿಯಿರಿ. ಬಸ್ಸಿನ ಬೋರ್ಡು, ಜಾಗದ ಆರ್‌ಟಿಸಿ (ಪಹಣಿ), ಅಡುಗೆಮನೆ, ಅತ್ತೆಯ ಮಾತು, ಎಲ್ಲಿಂದಾದರೂ ಸರಿ. ಬೇರೆಯವರ ಕಾಗದದಿಂದ ತೆಗೆದುಕೊಳ್ಳುವುದಾದರೆ ಅವರನ್ನು ಕೇಳಿ, ಪದವನ್ನಷ್ಟೇ ಬರೆದುಕೊಳ್ಳಿ. ಹೆಸರು, ಸರ್ವೆ ನಂಬರು ನಮಗೆ ಬೇಡ.

ಒಂದು ಗೆರೆ ಪುಸ್ತಕ ಇಟ್ಟುಕೊಳ್ಳಿ. ಪುಟದ ನಡುವೆ ಗೀಟು ಹಾಕಿ. ಎಡಕ್ಕೆ ‘ಕೇಳಿದ್ದು’, ಬಲಕ್ಕೆ ‘ಓದಿದ್ದು’. ಈ ಗೀಟು ತುಂಬಾ ಮುಖ್ಯ, ಊರಿನ ಹೆಸರಿಗಂತೂ ಬೇಕೇ ಬೇಕು. ಉಡುಪಿ ಅಂದರೆ ಉಡುಪ, ಅಂದರೆ ಚಂದ್ರ, ಅವನು ತಪಸ್ಸು ಮಾಡಿದ ಜಾಗ ಅಂತ ಸ್ಥಳಪುರಾಣ ಹೇಳುತ್ತದೆ. ನಮ್ಮ ಮನೆಯಲ್ಲಿ ತುಳುವಿನಲ್ಲಿ ಊರಿಗೆ ಒಡಿಪು ಅಂತಾರೆ. ಎರಡನ್ನೂ ಎಡಗಡೆ ಬರೆದೆ. ಕಥೆ ಚೆಂದ ಇದೆ ಅಂತ ಬಲಕ್ಕೆ ದಾಟಿಸಬಾರದು.

ಮೊದಲು ಮನುಷ್ಯರನ್ನು ಕೇಳಿ, ಆಮೇಲೆ ನಿಘಂಟು ತೆರೆಯಿರಿ. ಈ ಕ್ರಮ ತಪ್ಪಿಸಬೇಡಿ. ನಿಘಂಟು ನಾಳೆಯೂ ಅಲ್ಲೇ ಇರುತ್ತದೆ, ಎಂಬತ್ತೈದರ ಅಜ್ಜ ಇರುತ್ತಾರೆ ಅಂತ ಹೇಳಲಾಗದು. ಕನ್ನಡ ಪದಕ್ಕೆ ನಾನು ನೋಡುವುದು ಕಿಟ್ಟೆಲ್ ನಿಘಂಟು. 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲೇ ಅಚ್ಚಾದದ್ದು, ಸುಮಾರು 70,000 ಪದಗಳಿವೆ. ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತದೆ. ಅರ್ಥ ಇಂಗ್ಲಿಷಿನಲ್ಲಿದೆ, ಹೆದರಬೇಡಿ, ಎರಡು ಸಾಲು ಓದಿದರೆ ಸಾಕು. ತುಳುವಿಗೆ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ತಂದ ತುಳು ನಿಘಂಟು ಇದೆ. 1988ರಿಂದ 1997ರವರೆಗೆ ಆರು ಸಂಪುಟ ಬಂದವು.

ಪದ ಚಿಕ್ಕದು ಅಂತ ಬಿಡಬೇಡಿ. ‘ಕುಮ್ಕಿ’ ಅಂತ ದಿನಾ ಕೇಳುತ್ತೇವಲ್ಲ, ಅದು ಪಾರ್ಸಿ ಭಾಷೆಯ ಸಹಾಯ ಎಂಬ ಅರ್ಥದ ಪದದಿಂದ ಬಂದದ್ದು. ವರ್ಗ ಜಾಗದ (ಸ್ವಂತ ಹಿಡುವಳಿಯ) ಸುತ್ತ 450 ಲಿಂಕ್‌ಗಳವರೆಗಿನ (ಲಿಂಕ್ ಅಂದರೆ ಸರ್ವೆಯ ಅಳತೆ) ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ ತರುವ ಹಕ್ಕು ಅದು. ಬೇಸಾಯಕ್ಕೆ ಸಹಾಯ, ಅಲ್ವಾ? ಚಾವಿ, ಬಾಲ್ದಿ, ಬಟಾಟೆ, ಇವು ಪೋರ್ಚುಗೀಸರಿಂದ ಬಂದವು. ಹಡಗು ನಿಲ್ಲುವ ‘ಬಂದರು’ ಎಂಬ ಪದ ಮತ್ತೆ ಪಾರ್ಸಿಯದ್ದು.

ನನಗೆ ಬಹಳ ಕಲಿಸಿದ್ದು ಮಾತ್ರ ಹುಲಿವೇಷ. ನಾನು ಕುಂದಾಪುರ ಕಡೆಯವಳು, ಗಂಡನ ಮನೆ ಮಾತು ತುಳು. ಅಷ್ಟಮಿಗೆ ತಾಸೆಯ (ಹುಲಿವೇಷದ ಚರ್ಮವಾದ್ಯ) ಸದ್ದು ಕೇಳಿ ನಾನು ಹುಲಿ ಬಂತು ಅಂದರೆ ಅತ್ತೆ ಪಿಲಿ ಅಂತಾರೆ. ಆ ರಾತ್ರಿ ಇಬ್ಬರೂ ಕೂತು ಬರೆದೆವು. ಹುಲಿ ಪಿಲಿ, ಹತ್ತು ಪತ್ತ್, ಹೂ ಪೂ, ಹಂದಿ ಪಂಜಿ, ಹೆಸರು ಪುದರ್. ಹಳಗನ್ನಡದಲ್ಲಿ ಪುಲಿ, ಪತ್ತು, ಪೂ, ಪೆಸರ್ ಅಂತಲೇ ಇತ್ತು. ಸುಮಾರು ಹತ್ತನೇ ಶತಮಾನದಿಂದ ಕನ್ನಡದ ಪ ನಿಧಾನವಾಗಿ ಹ ಆಗುತ್ತಾ ಬಂತು. ತುಳು ಪ ಬಿಡಲಿಲ್ಲ. ಮಂಗಳೂರಿನ ಪಿಲಿಕುಳದ ಬೋರ್ಡು ಓದುವಾಗಲೂ ನನಗೆ ಈಗ ಹಳಗನ್ನಡ ನೆನಪಾಗುತ್ತದೆ. ಅಮ್ಮ ಫೋನಿನಲ್ಲಿ ‘ಬಪ್ಪ ವಾರ ಬತ್ತೆ’ (ಬರುವ ವಾರ ಬರುತ್ತೇನೆ) ಅಂದರೂ ಅಷ್ಟೇ, ಆ ಬಪ್ಪ ಹಳಗನ್ನಡದ ‘ಬರ್ಪ’. ಎಲ್ಲ ಪದವೂ ಹೀಗೆ ಜೋಡಿ ಸಿಗುವುದಿಲ್ಲ. ಹಾವಿಗೆ ತುಳುವಿನಲ್ಲಿ ಉಚ್ಚು. ಸಿಗದ್ದನ್ನೂ ಬರೆದಿಡಿ.

ಒಂದು ದಿನ ತಪ್ಪಿದರೆ ಮರುದಿನ ಎರಡು ಪದ ಬೇಡ, ಒಂದೇ ಸಾಕು. ಸಾಲ ತೀರಿಸಲು ಹೊರಟರೆ ಪುಸ್ತಕವೇ ಬೇಸರ ಬರುತ್ತದೆ.

ತಿಂಗಳಿಗೊಂದು ಭಾನುವಾರ ಪುಸ್ತಕ ಹಿಡಿದು ಹೊರಗೆ ಹೋಗಿ. ಉಡುಪಿಯವರಿಗೆ ಬಾರಕೂರು ಹತ್ತಿರ. ತುಳುನಾಡನ್ನು ಆಳಿದ ಆಳುಪ ಅರಸರ ರಾಜಧಾನಿಯಾಗಿದ್ದ ಊರು. ಕೋಟೆಕೇರಿ, ಚೌಳಿಕೇರಿ, ಮೂಡುಕೇರಿ, ಮಣಿಗಾರಕೇರಿ ಅಂತ ಅಲ್ಲಿನ ಕೇರಿಗಳ ಹೆಸರೇ ನಾಲ್ಕು ದಿನದ ಪದ. ಕತ್ತಲೆ ಬಸದಿಯ ಹತ್ತಿರ ಶಾಸನದ ಕಲ್ಲುಗಳಿವೆ. ಬೆಳಗ್ಗೆ ಬೇಗ ಹೋಗಿ. ಓರೆ ಬಿಸಿಲು ಬಿದ್ದಾಗ ಅಕ್ಷರದ ಗುಳಿಯಲ್ಲಿ ನೆರಳು ನಿಲ್ಲುತ್ತದೆ, ಓದಲು ಸುಲಭ. ಸೀಮೆಸುಣ್ಣ, ಎಣ್ಣೆ ಏನೂ ಹಚ್ಚಬೇಡಿ, ಕಲ್ಲು ಹಾಳಾಗುತ್ತದೆ. ಬಿಸಿಲಿಲ್ಲದಿದ್ದರೆ ಮೊಬೈಲ್ ಟಾರ್ಚನ್ನು ಬದಿಯಿಂದ ಹಿಡಿಯಿರಿ. ಮೊದಲ ಸಲ ಇಡೀ ಸಾಲು ಓದಲು ಹೋಗಬೇಡಿ. ನಿಮಗೆ ಗೊತ್ತಿರುವ ಒಂದು ಅಕ್ಷರ ಹುಡುಕಿ. ನನಗೆ ಮೊದಲು ಸಿಕ್ಕಿದ್ದು ‘ರ’.